ಕಟ್ಟಿದ ನೆಲೆ, ಸಿಕ್ಕಿದ ನೆಲೆ

ಮಾರ್ಚ್ 3, ಬಿಷ್ಕೆಕ್

ಇವತ್ತಿನ ಸಮಿತಿ ಸಭೆಯಲ್ಲಿ ಸದಸ್ಯ ಓರೊಜ್ ಚಹಾದ ಬಟ್ಟಲನ್ನು ಗೋಡೆಗೆ ಎಸೆದುಬಿಟ್ಟ. ಒಂದು ಚೂರು ಜಿನಾಯಿದಾ ಲ್ವೊವ್ನಾ ಅವರ ಕೂದಲಿಗೆ ಸಿಕ್ಕಿಕೊಂಡಿತು. ಎಂಬತ್ತರ ಆಸುಪಾಸಿನ ಹೆಂಗಸು, ನಮ್ಮಲ್ಲಿ ಅರ್ಧ ಜನಕ್ಕೆ ಚಿತ್ರ ಬರೆಯಲು ಕಲಿಸಿದವರು. ಚೂರನ್ನು ತಾವೇ ಬಿಡಿಸಿಕೊಂಡು, “ನನಗೇನೂ ಆಗಿಲ್ಲ ಬಿಡಪ್ಪ. ಬಟ್ಟಲು ಚೆನ್ನಾಗಿತ್ತು, ಪಾಪ” ಅಂದರು. ನನಗಂತೂ ಸಮಿತಿಯ ಅಧ್ಯಕ್ಷರ ಕುರ್ಚಿಯಿಂದ ಏಳಲೂ ಆಗಲಿಲ್ಲ. ಮನೆಗೆ ಬಂದರೂ ಊಟ ಸೇರಲಿಲ್ಲ.

ಜಗಳದ ಕಾರಣ ಎಷ್ಟು ಸಣ್ಣದು! ನಮ್ಮ ಸಿನಿಮಾ ಕಲಾವಿನ್ಯಾಸಕಾರರ ಸಂಘದ ಪ್ರಶಸ್ತಿಗೆ ಮೊದಲು ಒಂದೇ ವಿಭಾಗವಿತ್ತು. ಯಾವನೋ ಒಬ್ಬ ಪಾಳುಬಿದ್ದ ಹಳೇ ಛತ್ರದಲ್ಲಿ ನಾಲ್ಕು ಜಮಖಾನ ಹಾಸಿ ಬಹುಮಾನ ಹೊಡೆದುಕೊಂಡ; ಜೇಡಿಮಣ್ಣು ತುಳಿದು ಇಡೀ ಪಟ್ಟಣ ಕಟ್ಟಿದವರು ಬರಿಗೈಯಲ್ಲಿ ಹೋದರು. ಆ ವರ್ಷ ಮೂಗು ಹಲ್ಲು ಮುರಿಯುವ ಹೊಡೆದಾಟವಾದ ಮೇಲೆ ವಿಭಾಗವನ್ನು ಎರಡು ಮಾಡಿದರು: ಸೆಟ್ ಹಾಕಿದವರಿಗೆ ಕಟ್ಟಿದ ನೆಲೆ, ಇದ್ದ ಜಾಗದಲ್ಲೇ ಚಿತ್ರೀಕರಿಸಿದವರಿಗೆ ಸಿಕ್ಕಿದ ನೆಲೆ. ಗೆಲ್ಲುವವರನ್ನು ಆರಿಸುವವರು ಬೇರೆ. ಯಾವ ಸಿನಿಮಾ ಯಾವ ಸಾಲಿನಲ್ಲಿ ನಿಲ್ಲಬೇಕೆಂದು ಹೇಳುವುದಷ್ಟೇ ನಮ್ಮ ಸಮಿತಿಯ ಕೆಲಸ. ಅಷ್ಟಕ್ಕೇ ಬಟ್ಟಲು ಹಾರುತ್ತದೆ.

ಕೊನೆಯಲ್ಲಿ ನನ್ನ ಗುರು ಮೆಲಿಸ್ ಕಲಾವಿನ್ಯಾಸ ಮಾಡಿದ ಸಿನಿಮಾ ಹಾಕಿದರು. 1916ರಲ್ಲಿ ಜಾರ್ ಚಕ್ರವರ್ತಿಯ ವಿರುದ್ಧ ಎದ್ದ ದಂಗೆಯ ಕಥೆ. ಚಕ್ರವರ್ತಿಯ ಸೈನಿಕರು ಬೆಟ್ಟದ ಹಟ್ಟಿಯೊಂದಕ್ಕೆ ಬೆಂಕಿಯಿಡುವ ದೃಶ್ಯ ಬಂದಾಗ ಎಲ್ಲರೂ ಕುರ್ಚಿ ಮುಂದೆಳೆದುಕೊಂಡರು. ಆರು ಮನೆ, ಕುರಿದೊಡ್ಡಿ, ಹುಲ್ಲಿನ ಬಣವೆ, ಎಲ್ಲವೂ ಒಂದೇ ಶಾಟ್‌ನಲ್ಲಿ, ಕತ್ತರಿ ಬೀಳದೆ ಉರಿಯುತ್ತವೆ. ಓರೊಜ್ ಕಣ್ಣೊರೆಸಿಕೊಂಡ. “ಈ ಮುದುಕ ಇನ್ನೂ ನಮ್ಮನ್ನೆಲ್ಲ ಬಗಲಲ್ಲಿ ಇಟ್ಕೊಂಡು ತಿರುಗ್ತಾನೆ” ಅಂದ. ಕಟ್ಟಿದ ನೆಲೆ ಎಂದು ಎಲ್ಲರೂ ಬಾಯಿಮಾತಿನಲ್ಲೇ ಒಪ್ಪಿದೆವು. ಬರವಣಿಗೆಯಲ್ಲಿ ಆಗಬೇಕಾದದ್ದು ಮುಂದಿನ ತಿಂಗಳು. ನನಗೆ ಹೆಮ್ಮೆಯಾಯಿತು. ಹನ್ನೊಂದು ವರ್ಷ ಅವನ ಕೈಕೆಳಗೆ ದುಡಿದು ಕಲಿತವಳು ನಾನು.

ಮಾರ್ಚ್ 8

ಮಹಿಳಾ ದಿನವೆಂದು ಮೆಲಿಸ್ ಹಳೆಯ ಕೆಲಸಗಾರ್ತಿಯರನ್ನೆಲ್ಲ ತನ್ನ ಕಾರ್ಯಾಗಾರಕ್ಕೆ ಕರೆದಿದ್ದ. ಕಾವಲುಗಾರ ಜುಮಾಶ್ ಬಾಗಿಲಲ್ಲೇ ಒಣ ಏಪ್ರಿಕಾಟನ್ನು ಕೈಗೆ ತುಂಬಿದ. ಮೊಮ್ಮಕ್ಕಳಿಲ್ಲದ ಮುದುಕ, ಮೆಲಿಸನ ಪುಟಾಣಿ ಮಾದರಿಮನೆಗಳ ಧೂಳನ್ನು ಕುಂಚದಿಂದ ಒರೆಸುತ್ತ ದಿನ ಕಳೆಯುತ್ತಾನೆ. “ನೀನು ಮಾಡಿದ ಪುಟ್ಟ ಮಸೀದಿ ಕಪಾಟಿನ ಮೇಲಿದೆ, ಅನಿಪಾ. ಒಂದು ಇಟ್ಟಿಗೇನೂ ಅಲ್ಲಾಡಿಲ್ಲ” ಅಂದ.

ಮೆಲಿಸ್ ಎಲ್ಲರೆದುರು ನನ್ನ ಭುಜ ತಟ್ಟಿ, “ನನ್ನ ಹುಡುಗಿ ಈಗ ನನಗೇ ತೀರ್ಪು ಕೊಡೋಳು” ಎಂದು ನಕ್ಕ. ಸಂತೋಷವಾಯಿತು.

ಮಾರ್ಚ್ 14

ಸಭೆಗೆ ಮೆಲಿಸನೂ ಬಂದಿದ್ದ, ಸಿನಿಮಾದ ನಕ್ಷೆಗಳನ್ನು ತೋರಿಸಲು. ಮಾತಾಡುತ್ತ ನಿಂತಿದ್ದಾನೆ, ಬಾಗಿಲು ಒದ್ದುಕೊಂಡು ಒಬ್ಬ ಕುರಿಗಾಹಿ ಒಳಗೆ ಬಂದ. ಮೈಮೇಲೆ ಕುರಿಚರ್ಮದ ಕೋಟು, ಕೈಯಲ್ಲಿ ಕುದುರೆ ಚಾವಟಿ. “ಮೆಲಿಸ್ ಅನ್ನೋನು ಯಾರು?” ಎಂದು ಕೇಳಿದ. “ನಾನೇ, ಹೇಳಪ್ಪ” ಅಂದ ಮೆಲಿಸ್. ಆಮೇಲೆ ಕೇಳಿದ್ದು ಚಾವಟಿಯ ಸದ್ದು. ಮೆಲಿಸನ ಹುಬ್ಬಿನಿಂದ ಗಲ್ಲದವರೆಗೆ ಚರ್ಮ ಬಾಯಿ ತೆರೆದುಕೊಂಡಿತು. ಮೂರನೇ ಏಟಿಗೆ ಅವನು ಮೇಜಿನ ಕೆಳಗಿದ್ದ.

“ನನ್ನ ಮನೆ ಸುಟ್ಟು ಬಹುಮಾನ ತಗೋತೀಯೇನೋ! ನನ್ನ ಮನೇನ ನಿನ್ನ ಮನೆ ಅಂತೀಯೇನೋ!”

ಹೊರಗಿದ್ದ ಮೆಲಿಸನ ಆಳುಗಳು ನುಗ್ಗಿ ಆ ಮನುಷ್ಯನನ್ನು ನೆಲಕ್ಕೆ ಕೆಡವಿ ಬೂಟುಗಾಲಿನಲ್ಲಿ ತುಳಿದರು. ಬಿದ್ದವನ ಬಾಯಿಂದ ಹಲ್ಲು ಹಾರಿ ನನ್ನ ಪಾದದ ಹತ್ತಿರ ಬಂತು. “ಬಿಡ್ರೋ” ಅನ್ನಬೇಕಿದ್ದ ನಾನು ಕುರ್ಚಿ ಎಳೆದುಕೊಂಡು ಗೋಡೆಗೆ ಸರಿದೆ. ಜಿನಾಯಿದಾ ಲ್ವೊವ್ನಾ ತಮ್ಮ ಕೈಕೋಲಿನಿಂದ ಆಳುಗಳ ಬೆನ್ನಿಗೆ ಬಡಿದು ಬಿಡಿಸಿದರು.

ನೆಲ ಒರೆಸಿದ್ದು ನಾನು. ಕೈ ಎಷ್ಟು ತೊಳೆದರೂ ವಾಸನೆ ಹೋಗುತ್ತಿಲ್ಲ.

ಮಾರ್ಚ್ 16

ಆಸ್ಪತ್ರೆಗೆ ಹೋಗಿದ್ದೆ. ಆ ಕುರಿಗಾಹಿಯ ಹೆಸರು ಶಾರ್ಶೆನ್. ಪಕ್ಕೆಲುಬು ಮುರಿದಿದೆ, ಮಾತಾಡಲಾಗುವುದಿಲ್ಲ. ಮಗಳು ಬಾತ್ಮಾ ಹಾಸಿಗೆಯ ಪಕ್ಕ ಕೂತಿದ್ದಳು. ಇಪ್ಪತ್ತೈದರ ಮೇಲಿಲ್ಲ, ಮುಖ ಮಾತ್ರ ನನ್ನಷ್ಟೇ ಹಳೆಯದು.

“ಬೇಸಿಗೇಲಿ ನಾವು ಕುರಿ ಹೊಡ್ಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗ್ತೀವಿ ಅಕ್ಕ. ಕೆಳಗಿನ ಹಟ್ಟೀಲಿ ಯಾರೂ ಇರಲ್ಲ. ಯಾಕಿರಬೇಕು? ಮನೆ ಎಲ್ಲಿಗೆ ಹೋಗುತ್ತೆ? ಹಿಮ ಬೀಳೋ ಹೊತ್ತಿಗೆ ಇಳಿದು ಬಂದ್ವಿ. ಬೂದಿ ಇತ್ತು. ಆರೂ ಮನೆ, ದೊಡ್ಡಿ, ಚಳಿಗಾಲದ ಹುಲ್ಲು, ಎಲ್ಲಾ.”

“ಪೊಲೀಸರಿಗೆ ಹೇಳಲಿಲ್ವಾ?”

“ಹೇಳಿದ್ವಿ. ಅಲ್ಲಿ ಸಿನಿಮಾದವರು ಸೆಟ್ ಕಟ್ಟಿದ್ರು, ಅದನ್ನ ಅವರೇ ಸುಟ್ಟಿದ್ದಾರೆ, ಅನುಮತಿ ಇದೆ ಅಂದ್ರು. ನಮ್ಮ ಮನೆ ಎಲ್ಲಿ ಅಂದ್ರೆ, ನಿಮ್ಮ ಮನೆ ಇತ್ತು ಅನ್ನೋದಕ್ಕೆ ಏನು ಸಾಕ್ಷಿ ಅಂದ್ರು. ಈಗ ನೀವೂ ಅದನ್ನ ಕಟ್ಟಿದ್ದು ಅಂತ ಹೇಳಿದ್ರೆ ಮುಗೀತು.”

ಚಳಿಗಾಲವಿಡೀ ಕಂಬಳಿ ಗುಡಾರದಲ್ಲಿ ಕಳೆದರಂತೆ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅವಳು ತನ್ನ ಮಗುವಿಗೆ ಮೊಲೆ ಕೊಡಲು ಹೋದಾಗ ಅದರ ಬಾಯಿ ಸೆಟೆದಿತ್ತು. ನೆಲ ಹೆಪ್ಪುಗಟ್ಟಿ ಗುದ್ದಲಿ ಇಳಿಯದೆ, ಸುಟ್ಟ ಮನೆಯ ಒಲೆಯಿದ್ದ ಜಾಗದಲ್ಲಿ ಬೆಂಕಿ ಹಾಕಿ ಮಣ್ಣು ಕರಗಿಸಿ ಹೂತರಂತೆ. ಇದನ್ನೆಲ್ಲ ಹೇಳುವಾಗ ಅವಳು ಅಳಲಿಲ್ಲ. ಅಳುತ್ತಿದ್ದವಳು ನಾನು.

ಮೆಲಿಸ್ ಹೀಗೆ ಮಾಡಿರಲಾರ. ಹಕ್ಕಿಯ ಗೂಡು ಬೇಕೆಂದರೂ ತಾನೇ ಹೆಣೆಯುವ ಮನುಷ್ಯ.

ಮಾರ್ಚ್ 21

ವಸಂತದ ನೂರೂಜ್ ಹಬ್ಬವೆಂದು ಊರೆಲ್ಲ ಬೀದಿಯಲ್ಲಿದೆ. ನಾನು, ಜಿನಾಯಿದಾ ಲ್ವೊವ್ನಾ ಬಾಗಿಲು ಹಾಕಿಕೊಂಡು ಬೆಂಕಿಯ ದೃಶ್ಯವನ್ನು ತಿರುಗಾಮುರುಗಾ ನೋಡಿದೆವು. ಮೂರನೇ ಮನೆಯ ಸೂರಿನಡಿ ಕವಲುತೋಕೆ ಹಕ್ಕಿಯ ಗೂಡಿದೆ. ಹಕ್ಕಿಗಳು ಹೊಗೆಯೊಳಗೆ ಮತ್ತೆ ಮತ್ತೆ ನುಗ್ಗುತ್ತವೆ, ತಿರುಗುತ್ತವೆ, ನುಗ್ಗುತ್ತವೆ. ಒಂದು ಹೊರಗೆ ಬರುವುದಿಲ್ಲ.

“ಗೂಡು ಕಟ್ಟಬಹುದು ಅನಿಪಾ,” ಅಂದರು ಅವರು. “ಒಳಗೆ ಮರಿ ಇದೆ ಅಂತ ತಾಯಿಹಕ್ಕೀನ ನಂಬಿಸೋಕಾಗಲ್ಲ.”

ಹಾಗಿದ್ದರೂ ಕಣ್ಣಾರೆ ನೋಡದೆ ಹೇಳಬಾರದು. ಓರೊಜನ ಜೀಪಿನಲ್ಲಿ ಕಣಿವೆಗೆ ಹೋಗಿಬರುತ್ತೇನೆ. ಈ ಚಾಡಿಯನ್ನು ಸುಳ್ಳೆಂದು ತೋರಿಸಬೇಕೆಂದು ಅವನಿಗೆ ನನಗಿಂತ ಆತುರ.

ಮಾರ್ಚ್ 29, ಕಣಿವೆಯಲ್ಲಿ

ಜೀಪು ಹಟ್ಟಿಯ ದಿಬ್ಬ ಹತ್ತುವಷ್ಟರಲ್ಲಿ ಮೊದಲ ಕಲ್ಲು ಮುಂದಿನ ಗಾಜು ಒಡೆದು ಬಂತು. ಸಿನಿಮಾದವರು ಮತ್ತೆ ಬಂದರೆಂದು ಶಾರ್ಶೆನ್‌ನ ಕಡೆಯವರು ಕಾದಿದ್ದರು. ಓರೊಜನನ್ನು ಕೂದಲು ಹಿಡಿದು ಹೊರಗೆಳೆದು ಹಣೆಯನ್ನು ಜೀಪಿನ ಬಾಗಿಲಿಗೆ ಅಪ್ಪಳಿಸಿದರು. ಒಬ್ಬ ದಾಂಡಿಗ ನನ್ನ ಕಡೆ ಬಂದ. ಸೀಟಿನ ಹಿಂದೆ ಗುದ್ದಲಿಯಿತ್ತು. ತೆಗೆದು ಬೀಸಿದೆ. ಅವನ ಕಿವಿಯ ಮೇಲೆ ಬಿತ್ತು. ಬಿದ್ದ. ಆಮೇಲೆ ಎದ್ದನಂತೆ.

ಬಾತ್ಮಾ ಓಡಿಬಂದು “ಇವರು ಅವರಲ್ಲ, ನೋಡೋಕೆ ಬಂದೋರು!” ಎಂದು ಅರಚಿದ ಮೇಲೆ ಎಲ್ಲ ನಿಂತಿತು. ಮುದುಕನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಪಟ್ಟಣದ ಹೆಂಗಸು ಅಂದ್ಕೊಂಡ್ರೆ ಇದು ತೋಳ ಕಣ್ರೋ” ಎಂದ. ಎಲ್ಲರೂ ನಕ್ಕರು. ನನಗೂ ನಗು ಬಂತು.

ಅದೇ ಗುದ್ದಲಿಯಲ್ಲಿ ಅಗೆದೆ. ಬೂದಿಯ ಕೆಳಗೆ ಕಲ್ಲಿನ ಬುನಾದಿ, ತೊಡೆಯವರೆಗೆ ಇಳಿದರೂ ಮುಗಿಯಲಿಲ್ಲ. ಸೆಟ್ಟಿಗೆ ಯಾರೂ ಬುನಾದಿ ತೆಗೆಯುವುದಿಲ್ಲ. ಒಲೆಯ ಕಲ್ಲು ಒಡೆದರೆ ಒಳಗಿನ ತಿರುಳಿನವರೆಗೂ ಮಸಿ. ಮೂರು ತಲೆಮಾರಿನ ಅಡುಗೆಯ ಮಸಿ. ಆ ಒಲೆಯ ಪಕ್ಕದಲ್ಲಿ ಕಲ್ಲು ಸುತ್ತಿದ ಪುಟ್ಟ ದಿಬ್ಬ. ಅಲ್ಲಿ ಅಗೆಯಲಿಲ್ಲ.

ಮೆಲಿಸ್ ಕಟ್ಟಿದ್ದೂ ಸಿಕ್ಕಿತು. ಕೆಳಗೆ ಹಳ್ಳದಲ್ಲಿ ಮುರಿದ ಹಲಗೆಗಳು, ಹಿಂಬದಿಯಲ್ಲಿ ಅವನದೇ ಕೈಬರಹದ ಗುರುತು. ಗಾಳಿ ಎತ್ತಿ ಒಗೆದಿದೆ. ಓರೊಜ್ ಹಣೆಗೆ ಬಟ್ಟೆ ಕಟ್ಟಿಕೊಂಡು ಹಲಗೆಗಳನ್ನೇ ನೋಡುತ್ತ ನಿಂತಿದ್ದ. “ಅನಿಪಾ, ಇದು ಹೊರಗೆ ಬಂದ್ರೆ ನಮ್ಮ ಕಸುಬೇ ಮಣ್ಣುಪಾಲು. ಸುಮ್ನಿದ್ದುಬಿಡೋಣ” ಎಂದ.

ಗುಡಾರದಲ್ಲಿ ಕುರಿಸಾರು ಕೊಟ್ಟರು. ಒಳ್ಳೆ ಹಸಿವಿತ್ತು. ಎರಡು ಬಟ್ಟಲು ಕುಡಿದೆ.

ಏಪ್ರಿಲ್ 2

ಬೆಳಿಗ್ಗೆ ಮೆಲಿಸ್ ಮನೆಗೆ ಬಂದ. ಮುಖದ ಮೇಲೆ ಹೊಲಿಗೆ, ಕೈಯಲ್ಲಿ ಮನೆಯಲ್ಲೇ ಮಾಡಿದ ಕುದುರೆಮಾಂಸದ ಸಾಸೇಜು, ಚುಚುಕ್. ಚಹಾಕ್ಕೆ ನೀರಿಟ್ಟೆ.

“ಕಟ್ಟಿದ್ದೆ ಕಣೇ,” ಅಂದ. “ಎರಡು ತಿಂಗಳು ಕಟ್ಟಿದ್ದೆ. ಒಂದೇ ಗಾಳಿಗೆ ಎಲ್ಲಾ ಹಳ್ಳಕ್ಕೆ ಹೋಯ್ತು. ನಿರ್ಮಾಪಕ ಕುತ್ತಿಗೆಪಟ್ಟಿ ಹಿಡ್ಕೊಂಡ. ತಲೆ ಎತ್ತಿ ನೋಡ್ತೀನಿ, ದಿಬ್ಬದ ಮೇಲೆ ಆರು ಮನೆ. ಒಂದು ನರಪಿಳ್ಳೆ ಇಲ್ಲ. ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿದ್ವು ಅನಿಪಾ. ಅದೇ ನನಗೆ ಉರೀತು.”

“ಹಾಗಂತ ಬರೆದು ಕೊಡಿ.”

“ಜೈಲಿಗೆ ಹೋಗ್ಲಾ? ನೀನು ಕಟ್ಟಿದ ನೆಲೆ ಅಂತ ಒಂದು ಸಾಲು ಬರಿ. ಅವರಿಗೆ ಬೇರೆ ಮನೆ ನಾನೇ ಕಟ್ಟಿಸಿಕೊಡ್ತೀನಿ, ಆಣೆ.”

“ಆ ಮಗು?”

“ಮಗೂನ ನಾನು ಕೊಂದ್ನಾ? ಚಳಿ ಕೊಂದಿತು.”

ಕೆಟಲ್ ಕೈಯಲ್ಲೇ ಇತ್ತು. ಅವನ ತೊಡೆಯ ಮೇಲೆ ಸುರಿದೆ. ಅವನು ಕೂಗುತ್ತಲೇ ನನ್ನ ಜುಟ್ಟು ಹಿಡಿದು ಮುಖವನ್ನು ಮೇಜಿಗೆ ಕುಟ್ಟಿದ. “ನನ್ನ ಕೈಕೆಳಗೆ ಬೆಳೆದ ನಾಯಿ!” ಅಂದ. ಬಾಯಿಗೆ ಸಿಕ್ಕ ಅವನ ಹೆಬ್ಬೆರಳನ್ನು ಮೂಳೆಯವರೆಗೆ ಕಚ್ಚಿದೆ. ಚಿತ್ರ ಬರೆಯುವ ಕೈ ಅದು. ಹಾಗೆಂದು ಆಗಲೇ ಹೊಳೆದಿತ್ತು, ಆದರೂ ಬಿಡಲಿಲ್ಲ.

ತುಟಿ ಹರಿದಿದೆ. ಚುಚುಕ್ ಚೆನ್ನಾಗಿದೆ, ಅವನ ಹೆಂಡತಿಯ ಕೈರುಚಿ.

ಏಪ್ರಿಲ್ 5

ತೀರ್ಮಾನವಾಯಿತು.

ಮೊದಲು ಎಲ್ಲರೂ ಹಿಂದೆಮುಂದೆ ನೋಡಿದರು. ಹಿಂದಿನ ದಿನ ಮೆಲಿಸನ ಆಳುಗಳು ಮನೆಮನೆಗೆ ಹೋಗಿ ಹೆದರಿಸಿ ಬಂದಿದ್ದರಂತೆ. ಒಬ್ಬರು, “ಅರ್ಧ ಕಟ್ಟಿದ್ದು ಅರ್ಧ ಸಿಕ್ಕಿದ್ದು ಅಂತ ಮೂರನೇ ವಿಭಾಗ ಮಾಡೋಣ” ಎಂದರು. ಇನ್ನೊಬ್ಬರಿಗೆ ಹೊಟ್ಟೆನೋವು ಬಂತು. ಹೀಗೆ ಬಿಟ್ಟರೆ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆಂದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಮೇಜಿನ ಸೆಳೆಖಾನೆಯಲ್ಲಿಟ್ಟೆ.

“ಏನಕ್ಕ ಇದು, ಸಮಿತಿನೋ ಜೈಲೋ?” ಎಂದ ಓರೊಜ್. ಕೀಲಿಗೆ ಕೈ ಹಾಕಿದ. ಸೆಳೆಖಾನೆಯನ್ನು ಮೊಣಕಾಲಿನಿಂದ ಮುಚ್ಚಿದೆ. ಅವನ ಬೆರಳು ಒಳಗಿದ್ದವು. ಇನ್ನಷ್ಟು ಒತ್ತಿದೆ. ಕಡ್ಡಿ ಮುರಿದಂತೆ ಸದ್ದು ಬಂತು.

“ಹಳ್ಳದಲ್ಲಿ ನೀನು ನೋಡಿದ್ದು ಏನು? ಹೇಳು.”

“ಹಲಗೆ... ಹಲಗೆ ನೋಡಿದೆ. ಬಿಡು, ಅನಿಪಾ, ನಿನ್ನ ಕಾಲಿಗೆ ಬೀಳ್ತೀನಿ!”

“ಯಾರ ಹಲಗೆ?”

“ಮೆಲಿಸನವು!”

ಜಿನಾಯಿದಾ ಲ್ವೊವ್ನಾ “ದೇವರೇ, ಸಾಕು ಮಾಡಮ್ಮ” ಎಂದು ಅಳುತ್ತಿದ್ದರು. ವಯಸ್ಸಾಯಿತು ಅವರಿಗೆ. ಆಮೇಲೆ ಎಲ್ಲರೂ ಸಹಿ ಹಾಕಿದರು; ಓರೊಜ್ ಎಡಗೈಯಲ್ಲಿ. ಮೆಲಿಸನ ಸಿನಿಮಾ ಸಿಕ್ಕಿದ ನೆಲೆಯ ವಿಭಾಗಕ್ಕೆ ಸೇರತಕ್ಕದ್ದು, ಏಕೆಂದರೆ ಸುಟ್ಟ ಮನೆಗಳು ಜನ ವಾಸಿಸುತ್ತಿದ್ದ ಮನೆಗಳು. ಒಮ್ಮತದ ತೀರ್ಮಾನ. ಈ ಸಮಿತಿಯಲ್ಲಿ ಇಂಥ ಒಗ್ಗಟ್ಟನ್ನು ನಾನು ಎಂದೂ ಕಂಡಿರಲಿಲ್ಲ.

ಏಪ್ರಿಲ್ 11

ನಮ್ಮ ತೀರ್ಮಾನದ ಪ್ರತಿಯನ್ನು ಪೊಲೀಸರು ಇಸಿದುಕೊಂಡರು. ಮೆಲಿಸನನ್ನು ಕರೆಸಿದರು. ಅದೇ ದಿನ ಮಧ್ಯಾಹ್ನದ ಊಟಕ್ಕೆ ಅವನು ವಾಪಸ್ಸು ಮನೆಯಲ್ಲಿದ್ದ.

ಏಪ್ರಿಲ್ 20

ಬಾತ್ಮಾ ಬಂದಿದ್ದಳು. ಶಾರ್ಶೆನ್ ಇನ್ನೂ ನೆಟ್ಟಗೆ ಉಸಿರಾಡಲಾರನಂತೆ.

“ಅಕ್ಕ, ಜನ ಏನೋ ಹೇಳ್ತಿದ್ದಾರೆ. ಸಿಕ್ಕಿದ ನೆಲೆ ವಿಭಾಗದಲ್ಲೂ ಅವನೇ ಗೆಲ್ತಾನಂತೆ?”

ನಿಜ. ಆ ಸಾಲಿನಲ್ಲಿ ಉಳಿದವೆಲ್ಲ ಸಪ್ಪೆ ಸಿನಿಮಾಗಳು. ತೀರ್ಪುಗಾರರು ತೆರೆಯ ಮೇಲೆ ಕಂಡದ್ದನ್ನಷ್ಟೇ ನೋಡುತ್ತಾರೆ. ಕಂಡದ್ದರಲ್ಲಿ ಅದಕ್ಕೆ ಸಮನಾದದ್ದಿಲ್ಲ.

“ಗೆಲ್ಲೋದು ನಮ್ಮ ಕೈಲಿಲ್ಲ ಬಾತ್ಮಾ. ಅದು ಏನು ಅಂತ ಹೇಳೋದಷ್ಟೇ ನಮ್ಮ ಕೆಲಸ.”

“ಹೇಳಿದ್ರಲ್ಲ. ಹೇಳಿದ್ಮೇಲೂ ಚಪ್ಪಾಳೆ ಹೊಡೀತಾರಾ?”

ಅವಳು ಕುಳಿತೇ ಇದ್ದಳು. ಚಹಾ ಆರಿತು. ನಾನು ಮಾತಿಗೆ ಮಾತೆಂದು ಮೆಲಿಸನ ಕಾರ್ಯಾಗಾರದ ವಿಷಯ ಹೇಳಿದೆ. ಬಹುಮಾನ ಸಮಾರಂಭದ ಮಧ್ಯಾಹ್ನ ಎಲ್ಲರೂ ಸಭಾಂಗಣದಲ್ಲಿರುತ್ತಾರೆ. ಬಣ್ಣ, ವಾರ್ನಿಷ್, ಟರ್ಪೆಂಟೈನ್ ಇಡುವ ಕೋಣೆ ಕಾಲುವೆಯ ಕಡೆಗಿದೆ. ಅದರ ಹಿಂಬಾಗಿಲು ಬರೀ ಹಲಗೆ. ಗಾಳಿ ಯಾವಾಗಲೂ ಕಾಲುವೆಯಿಂದ ಒಳಗೆ ಬೀಸುತ್ತದೆ.

ಅವಳು ಏನೂ ಕೇಳಲಿಲ್ಲ. ನಾನೂ ಏನೂ ಹೇಳಿಲ್ಲ, ಗೊತ್ತಿದ್ದದ್ದನ್ನು ಹೇಳಿದೆ ಅಷ್ಟೇ.

ಏಪ್ರಿಲ್ 27

ಮೆಲಿಸ್ ಗೆದ್ದ. ಹೆಬ್ಬೆರಳಿಗೆ ಪಟ್ಟಿ, ತೊಡೆ ಎಳೆದುಕೊಂಡು ವೇದಿಕೆ ಹತ್ತಿದ. ಜನ ಎದ್ದು ನಿಂತರು. “ಆ ಕಣಿವೆಗೆ ನಾನು ಋಣಿ” ಅಂದ. ಆ ಮಾತು ಕೇಳಿ ನನ್ನ ಪಕ್ಕದವಳು ಮೂಗೊರೆಸಿಕೊಂಡಳು. ಅವಳ ಕಾಲ್ಬೆರಳ ಮೇಲೆ ಹಿಮ್ಮಡಿಯಿಟ್ಟು ಎದ್ದು ಹೊರಗೆ ಬಂದೆ.

ಮೆಟ್ಟಿಲ ಮೇಲಿಂದಲೇ ಹೊಗೆ ಕಾಣುತ್ತಿತ್ತು. ಮೊದಲು ಬಿಳಿ, ಆಮೇಲೆ ಹಳದಿ, ವಾರ್ನಿಷ್ ಹತ್ತಿದ ಮೇಲೆ ಒಳ್ಳೆ ದಟ್ಟ ಕಪ್ಪು. ಟ್ಯಾಕ್ಸಿ ಹಿಡಿದು ಕಾರ್ಯಾಗಾರಕ್ಕೆ ಹೋದೆ. ಮಾಡು ಒಳಕ್ಕೆ ಕುಸಿಯುವಾಗ ಮಧ್ಯದಿಂದ ಅಂಚಿಗೆ ಕುಸಿಯಿತು, ಕೆಂಡದ ಕೆಂಪು ಕಿಟಕಿಗಳಿಂದ ಉಕ್ಕಿತು. ಸಿನಿಮಾದಲ್ಲಿ ಇದು ಬಂದಿರಲಿಲ್ಲ. ಅಲ್ಲಿ ಮಾಡು ಹುಲ್ಲಿನದು. ಬೆಂಕಿಯನ್ನು ಹತ್ತಿರದಿಂದ ನೋಡದೆ ನಾವು ಎಷ್ಟು ವರ್ಷ ಸುಳ್ಳು ಬೆಂಕಿ ಮಾಡಿದೆವು!

ಮೆಲಿಸ್ ಹಿಂದೆಯೇ ಬಂದ. ಬಹುಮಾನದ ಕಂಚಿನ ಬೊಂಬೆಯಿಂದ ನನ್ನ ತಲೆಗೆ ಬೀಸಿದ. ತಪ್ಪಿಸಿಕೊಂಡು ಅವನ ಸುಟ್ಟ ತೊಡೆಗೆ ಒದ್ದೆ. ಅಲ್ಲೇ ಮಣ್ಣಿನಲ್ಲಿ ಮಕ್ಕಳಂತೆ ಕೂತು ಅತ್ತ. “ನಲವತ್ತು ವರ್ಷ, ಅನಿಪಾ. ನಲವತ್ತು ವರ್ಷ ಒಳಗಿತ್ತು” ಅಂದ. ಕೇಳಿಸಿಕೊಂಡೆ.

ಜುಮಾಶನನ್ನು ಹೊತ್ತುಕೊಂಡು ಬಂದರು. ಸಮಾರಂಭಕ್ಕೆ ಹೋಗಿರುತ್ತಾನೆಂದುಕೊಂಡಿದ್ದೆ. ಹೊರಗಿದ್ದವನು ಮಾದರಿಮನೆಗಳನ್ನು ತರಲೆಂದು ಒಳಗೆ ನುಗ್ಗಿದನಂತೆ. ಎರಡು ಸಲ ತಂದ, ಮೂರನೇ ಸಲ ಹೋದ. ಯಾರು ಹೋಗೆಂದಿದ್ದರು ಅವನಿಗೆ?

ಏಪ್ರಿಲ್ 30

ಜುಮಾಶ್ ಹೋದ.

ಅಂಗಳದಲ್ಲಿ ಗುಡಾರ ಹಾಕಿದ್ದರು. ಹೆಂಗಸರ ಗೋಳುಹಾಡು ಕಿವಿ ತೂತಾಗುವಷ್ಟು. ಅವನ ಹೆಂಡತಿ ನನ್ನನ್ನು ತಬ್ಬಿಕೊಂಡು, “ನಿನ್ನ ಮಸೀದೀನ ಹೊರಗೆ ತಂದಿದ್ದ ತಾಯಿ, ಅದು ಉಳೀತು” ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಬಿಸಿಲು ಜಾಸ್ತಿ. ಬೇಗ ಹೊರಟೆ.

ಮೇ 4

ಪೊಲೀಸರು ಬಾತ್ಮಾಳನ್ನು ಹಿಡಿದುಕೊಂಡು ಹೋದರಂತೆ. ನನ್ನ ಹೆಸರು ಹೇಳಿಲ್ಲ. ಗಟ್ಟಿ ಹೆಣ್ಣು. ಶಾರ್ಶೆನ್ ಫೋನು ಮಾಡಿ, “ನೀನು ದೊಡ್ಡೋಳಮ್ಮ, ಏನಾದ್ರೂ ಮಾಡು. ಇದ್ದೋಳು ಅವಳೊಬ್ಬಳೇ” ಎಂದ. ನೋಡೋಣ ಎಂದೆ. ಅವನ ಮಾತು ಮುಗಿಯುವಂತೆ ಕಾಣಲಿಲ್ಲ, ಫೋನು ಇಟ್ಟುಬಿಟ್ಟೆ.

ಮೇ 16

ಮೆಲಿಸ್ ಆಸ್ಪತ್ರೆಯಲ್ಲಿದ್ದಾನೆ, ಮಾತು ನಿಂತಿದೆಯಂತೆ. ಇಡೀ ಸಂಘದ ಅಧ್ಯಕ್ಷ ಸ್ಥಾನಕ್ಕೆ ನನ್ನ ಹೆಸರೊಂದೇ ಬಂತು. ಎದುರು ಯಾರೂ ನಿಲ್ಲಲಿಲ್ಲ.

ಮುಂದಿನ ವರ್ಷದ ವಿಭಾಗಗಳ ಬಗ್ಗೆ ಇವತ್ತು ಮೊದಲ ಸಭೆ. ಸಿಕ್ಕಿದ ನೆಲೆಯನ್ನೇ ತೆಗೆದುಹಾಕಬೇಕೆಂದೆ. ಕಟ್ಟಬಲ್ಲವರು ಕಟ್ಟಲಿ, ಉಳಿದವರು ಮನೆಗೆ ಹೋಗಲಿ. ಎಲ್ಲರೂ ಆಗಬಹುದೆಂದರು. ಹಿಂದೆ ಇಂಥ ಒಂದು ಮಾತಿಗೆ ಮೂರು ಸಭೆ ಸಾಲುತ್ತಿರಲಿಲ್ಲ. ಓರೊಜ್ ನನ್ನ ಬಟ್ಟಲಿಗೆ ತಾನೇ ಚಹಾ ಸುರಿದ, ಬೆರಳು ಮಡಚಲಾಗದೆ ಸ್ವಲ್ಪ ಚೆಲ್ಲಿತು. “ತಪ್ಪಾಯ್ತು ಅಕ್ಕ, ತಪ್ಪಾಯ್ತು” ಎಂದು ತೋಳಿನಿಂದಲೇ ಒರೆಸಿದ. ಸಭೆ ಎಷ್ಟು ಶಾಂತವಾಗಿತ್ತೆಂದರೆ ಗಡಿಯಾರದ ಸದ್ದು ಕೇಳುತ್ತಿತ್ತು.

ಜಿನಾಯಿದಾ ಲ್ವೊವ್ನಾ ಅವರ ಬಗ್ಗೆ ಮಾತ್ರ ಚಿಂತೆ. ಮುಂಗುರುಳು ಕಣ್ಣಿಗೆ ಬಿತ್ತೆಂದು ನಾನು ಕೈ ಎತ್ತಿದೆ, ಅವರು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕುರ್ಚಿಯ ಸಮೇತ ಹಿಂದಕ್ಕೆ ಸರಿದರು. ಪಾಪ, ನರಗಳ ಶಕ್ತಿ ಕುಂದಿದೆ. ಒಳ್ಳೆಯ ವೈದ್ಯರಿಗೆ ತೋರಿಸಿ ಎಂದು ಹೇಳಬೇಕು.